ಗೆಲ್ಲುವ ತಂಡವನ್ನು ಮೆಚ್ಚುವುದು: ಬೆಂಗಳೂರು ಎಫ್‌ಸಿ ಕುರಿತು ಒಂದು ಅಧ್ಯಯನ

ನಮ್ಮ ಜವನಗೊಂಡನಹಳ್ಳಿ ಕಡೆ ಆಟ ಎಂದರೆ ಮೊದಲು ಕ್ರಿಕೆಟ್, ಆಮೇಲೆ ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ನೋಡುವವರು ಒಂದು ತರಗತಿಗೆ ಏಳೆಂಟು ಮಂದಿ ಸಿಕ್ಕಾರು. ಅವರಲ್ಲೂ ಹೆಚ್ಚಿನವರು ಮೊಬೈಲಿನಲ್ಲಿ ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಸಿಟಿ ಎಂದು ಯುರೋಪಿನ ತಂಡಗಳನ್ನು ನೋಡುವವರು. ಇಲ್ಲಿ ಹೆದ್ದಾರಿಯಲ್ಲಿ ಬಸ್ಸು ಹತ್ತಿದರೆ ಅದೇ ದಿನ ಹೋಗಿ ನೋಡಿ ಬರಬಹುದಾದ ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಬೆಂಗಳೂರು ಎಫ್‌ಸಿಯನ್ನು ಇಷ್ಟಪಡುವವರು ಅವರಿಗಿಂತಲೂ ಕಡಿಮೆ. ಇಷ್ಟ ಎಂದು ಒಪ್ಪಿಕೊಂಡರೆ ಪಕ್ಕದ ಬೆಂಚಿನಿಂದ ಉತ್ತರ ಸಿದ್ಧ: ಅದು ದುಡ್ಡಿನ ತಂಡ, ಮೋಸದ ಗೋಲಿನ ತಂಡ, ಗೆದ್ದವರ ಬಾಲ ಹಿಡಿಯುವವರ ತಂಡ.

ಈ ಮೂರು ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಈ ಪಾಠದ ಕೆಲಸ. ಒಂದು ತಂಡ ಮೇಲಿಂದ ಮೇಲೆ ಗೆದ್ದಾಗ ಉಳಿದವರಿಗೆ ಬರುವ ಸಿಟ್ಟಿನಲ್ಲಿ ಎರಡು ಬೇರೆ ಬೇರೆ ಸಿಟ್ಟುಗಳು ಬೆರೆತಿರುತ್ತವೆ. ಅವರು ಹೇಗೆ ಗೆದ್ದರು ಎಂಬುದರ ಮೇಲಿನ ಸಿಟ್ಟು ಒಂದು. ಅವರು ಗೆದ್ದರಲ್ಲ ಎಂಬ ಸಿಟ್ಟು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷಿ ಬೇಕು, ವಾದ ಬೇಕು. ಎರಡನೆಯದಕ್ಕೆ ಏನೂ ಬೇಕಾಗಿಲ್ಲ. ಇವೆರಡನ್ನೂ ಬಿಡಿಸಿ ನೋಡಲು ತಂಡದ ವಿರೋಧಿಗೆ ಎಷ್ಟು ಕಷ್ಟವೋ ಅದರ ಅಭಿಮಾನಿಗೂ ಅಷ್ಟೇ ಕಷ್ಟ.

ಮೊದಲು ಗೆಲುವಿನ ಲೆಕ್ಕ ನೋಡೋಣ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಜೆಎಸ್‌ಡಬ್ಲ್ಯು ಕಂಪನಿಯ ಒಡೆತನದಲ್ಲಿ. ಆಡಿದ ಮೊದಲ ವರ್ಷವೇ, 2013-14ರಲ್ಲಿ, ಆಗ ದೇಶದ ಅತಿ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಮರುವರ್ಷ ಫೆಡರೇಷನ್ ಕಪ್. 2015-16ರಲ್ಲಿ ಮತ್ತೆ ಐ-ಲೀಗ್. 2017ರಲ್ಲಿ ಮತ್ತೆ ಫೆಡರೇಷನ್ ಕಪ್. 2018ರಲ್ಲಿ ಫೈನಲ್‌ನಲ್ಲಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಸೂಪರ್ ಕಪ್. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್. ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು. ಹೀಗೆ ಆಡಿದ ಮೊದಲ ಆರು ವರ್ಷಗಳಲ್ಲಿ ಒಂದು ವರ್ಷವೂ ಬರಿಗೈಯಲ್ಲಿ ಮನೆಗೆ ಹೋಗಲಿಲ್ಲ. ನಡುವೆ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡದ ಎದುರು 0-1ರಿಂದ ಸೋತಿತು.

ನೂರು ವರ್ಷ ದಾಟಿದ ಮೋಹನ್ ಬಾಗಾನ್, ಲಕ್ಷಾಂತರ ಅಭಿಮಾನಿಗಳಿರುವ ಕೇರಳ ಬ್ಲಾಸ್ಟರ್ಸ್, ಗೋವಾದ ಹಳೆಯ ಕ್ಲಬ್‌ಗಳು ಎಲ್ಲ ನೋಡುತ್ತಿರುವಾಗ ನಿನ್ನೆ ಮೊನ್ನೆ ಹುಟ್ಟಿದ ಕೂಸು ಹೀಗೆ ಗೆದ್ದರೆ ಯಾರಿಗೆ ಸಹನೆಯಾದೀತು? ಇಲ್ಲಿ ಅಭಿಮಾನಿಗಳ ಬಾಯಿಗೆ ಒಂದು ಗಾದೆ ಸದಾ ಬರುತ್ತದೆ: ಹಣ್ಣಿರುವ ಮರಕ್ಕೇ ಕಲ್ಲು. ಗಾದೆ ಒಳ್ಳೆಯದೇ. ಆದರೆ ಅದು ತೀರಾ ಸುಲಭದ ಗಾದೆ. ಬಿದ್ದ ಕಲ್ಲನ್ನೆಲ್ಲ ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಹಾಕಿಬಿಟ್ಟರೆ ಟೀಕೆಯಲ್ಲಿ ಸತ್ಯ ಇದೆಯೇ ಎಂದು ನೋಡುವ ಕೆಲಸವೇ ತಪ್ಪಿಹೋಗುತ್ತದೆ.

ದುಡ್ಡಿನ ಮಾತು

ಮೊದಲ ಆರೋಪದಲ್ಲಿ ಹುರುಳಿದೆ. ಸಾಮಾನ್ಯವಾಗಿ ಒಂದು ತಂಡ ಕೆಳಗಿನ ಹಂತದಲ್ಲಿ ಆಡಿ, ಗೆದ್ದು, ಮೇಲಿನ ಲೀಗಿಗೆ ಏರಬೇಕು. ಬೆಂಗಳೂರು ಎಫ್‌ಸಿ ಹಾಗೆ ಏರಿ ಬಂದದ್ದಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕರೆದ ಬಿಡ್‌ನಲ್ಲಿ ಕಂಪನಿಯೊಂದು ಹಣ ಕಟ್ಟಿ ನೇರವಾಗಿ ಐ-ಲೀಗಿಗೆ ಪ್ರವೇಶ ಪಡೆಯಿತು. ಇದನ್ನು ಬೆಂಗಳೂರಿನದೇ ಇನ್ನೊಂದು ತಂಡದ ಪಕ್ಕ ಇಟ್ಟು ನೋಡಿ. ಎಚ್‌ಎಎಲ್ ಕಾರ್ಖಾನೆಯ ತಂಡ ನೌಕರರನ್ನೇ ನಂಬಿ, ಕಡಿಮೆ ಖರ್ಚಿನಲ್ಲಿ ಆಡುತ್ತ ಐ-ಲೀಗಿಗೆ ಬಂದು, 2012ರಲ್ಲಿ ಕೆಳಗಿಳಿಯಿತು. ಅದಾದ ಮರುವರ್ಷವೇ ಅದೇ ಊರಿನಲ್ಲಿ ಹೊಸ ತಂಡಕ್ಕೆ ಮುಂಬಾಗಿಲು ತೆರೆಯಿತು. ಎಚ್‌ಎಎಲ್ ಆಟವನ್ನು ವರ್ಷಗಟ್ಟಲೆ ನೋಡಿದ ಬೆಂಗಳೂರಿನ ಹಿರಿಯರೊಬ್ಬರು ಈ ಹೊಸ ತಂಡ ನನ್ನದಲ್ಲ ಎಂದರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು.

ಇನ್ನೊಂದು ಪ್ರಶ್ನೆಯೂ ಇದೆ. ಮೊದಲ ಪ್ರಶಸ್ತಿ ಗೆದ್ದ ತಂಡದ ಮುಖ್ಯ ಆಟಗಾರರಲ್ಲಿ ಹೆಚ್ಚಿನವರು ಕರ್ನಾಟಕದ ಹೊರಗಿನವರು. ನಾಯಕ ಸುನಿಲ್ ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ರೀನೋ ಆಂಟೋ ಕೇರಳದವರು, ಜಾನ್ ಜಾನ್ಸನ್ ಇಂಗ್ಲೆಂಡಿನವರು. ಊರಿನ ಹೆಸರು ಇದ್ದ ಮಾತ್ರಕ್ಕೆ ಊರಿನ ತಂಡ ಆಗುತ್ತದೆಯೇ ಎಂದು ಕೇಳುವುದು ನ್ಯಾಯವೇ.

ಆದರೆ ದುಡ್ಡು ಇದ್ದವರೆಲ್ಲ ಗೆದ್ದಿದ್ದಾರೆಯೇ? ಐಎಸ್‌ಎಲ್ ಎಂದರೆ ಸಿರಿವಂತರ ಕೂಟ. ಸಿನಿಮಾ ನಟರು, ಕ್ರಿಕೆಟ್ ತಾರೆಯರು, ದೊಡ್ಡ ಉದ್ಯಮಿಗಳು ಅಲ್ಲಿ ಹಣ ಹೂಡಿದ್ದಾರೆ. ಅಷ್ಟಾದರೂ ವರ್ಷಗಟ್ಟಲೆ ಒಂದೂ ಪ್ರಶಸ್ತಿ ಕಾಣದ ತಂಡಗಳಿವೆ. ಹಣ ಬಾಗಿಲು ತೆರೆಯುತ್ತದೆ. ಒಳಗೆ ಹೋದ ಮೇಲೆ ಏನು ಮಾಡುತ್ತೀರಿ ಎಂಬುದು ಬೇರೆ. ಬೆಂಗಳೂರು ಎಫ್‌ಸಿ ಮೊದಲ ವರ್ಷ ಆಗಿನ್ನೂ ಹೆಸರು ಮಾಡಿರದ ಆ್ಯಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲೆಂಡಿನ ಯುವ ತರಬೇತುದಾರನನ್ನು ಕರೆತಂದು, ಮೂರು ವರ್ಷ ಅವರ ಕೈಗೆ ತಂಡವನ್ನು ಬಿಟ್ಟಿತು. ನಮ್ಮ ದೇಶದ ಕ್ಲಬ್‌ಗಳಲ್ಲಿ ನಾಲ್ಕು ಪಂದ್ಯ ಸೋತರೆ ತರಬೇತುದಾರನ ಗಂಟುಮೂಟೆ ಕಟ್ಟಿಸುವುದು ವಾಡಿಕೆ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಅವರ ನಂತರ ಬಂದ ಸ್ಪೇನಿನ ಆಲ್ಬರ್ಟ್ ರೋಕಾ, ಅವರ ಸಹಾಯಕರಾಗಿದ್ದು ಆಮೇಲೆ ಮುಖ್ಯ ತರಬೇತುದಾರರಾದ ಕಾರ್ಲೆಸ್ ಕ್ವಾದ್ರತ್, ಹೀಗೆ ಒಂದು ಸರಣಿ ಬೆಳೆಯಿತು. ಆಟಗಾರರ ಊಟ, ನಿದ್ದೆ, ಓಟದ ಲೆಕ್ಕ ಎಲ್ಲವೂ ಬರಹಕ್ಕೆ ಬಂತು. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, ತೋರಣಗಲ್ಲು ಬಳಿಯ ವಿಜಯನಗರದಲ್ಲಿ ಹುಡುಗರಿಗಾಗಿ ವಸತಿ ಸಹಿತ ಅಕಾಡೆಮಿ ಶುರುವಾಯಿತು. ಹೊರಗಿನವರ ತಂಡ ಎಂಬ ಟೀಕೆಗೆ ಕೊಡಬಹುದಾದ ಉತ್ತರ ಅಲ್ಲಿಂದ ಬರಬೇಕು. ಆ ಉತ್ತರ ಇನ್ನೂ ಪೂರ್ತಿ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ತೊಂಬತ್ತಾರನೆಯ ನಿಮಿಷ

ಎರಡನೆಯ ಆರೋಪ ಹೆಚ್ಚು ಬಿಸಿಯದು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಪ್ಲೇಆಫ್ ಪಂದ್ಯ. ಸೋತವರು ಮನೆಗೆ. 90 ನಿಮಿಷ ಮುಗಿದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೆಯ ನಿಮಿಷಕ್ಕೆ, ಬ್ಲಾಸ್ಟರ್ಸ್ ಪೆಟ್ಟಿಗೆಯ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ತನ್ನ ಆಟಗಾರರನ್ನು ಗೋಡೆಯಂತೆ ನಿಲ್ಲಿಸುತ್ತಿದ್ದ. ಗೋಡೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಅಷ್ಟರಲ್ಲಿ ಛೇತ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದು ಸಾರಿದರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮಾನೊವಿಚ್ ಸಿಟ್ಟಿನಿಂದ ತನ್ನ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಮರಳಿ ಬರಲಿಲ್ಲ. ಪಂದ್ಯ 1-0 ಎಂದು ಬೆಂಗಳೂರಿನ ಪಾಲಾಯಿತು.

ಈಗ ನಿಯಮ ಪುಸ್ತಕ ತೆರೆಯೋಣ. ಫುಟ್‌ಬಾಲಿನ 17 ನಿಯಮಗಳಲ್ಲಿ 13ನೆಯದು ಫ್ರೀ ಕಿಕ್ ಕುರಿತದ್ದು. ಫೌಲ್‌ಗೆ ಒಳಗಾದ ತಂಡ ಚೆಂಡನ್ನು ನಿಲ್ಲಿಸಿ ಕೂಡಲೇ ಒದೆಯಬಹುದು. ಎದುರಾಳಿಗಳು 9.15 ಮೀಟರ್ ದೂರ ಸರಿಯಬೇಕು. ಅದು ಅವರ ಕರ್ತವ್ಯ. ಅವರು ಸರಿಯುವ ಮೊದಲೇ ಒದೆಯುವ ಹಕ್ಕು ಒದೆಯುವವನಿಗೆ ಇದೆ. ಗೋಡೆ ಕಟ್ಟಿಕೊಳ್ಳಲು ಇಷ್ಟು ಸಮಯ ಕೊಡಬೇಕು ಎಂದು ನಿಯಮ ಎಲ್ಲಿಯೂ ಹೇಳುವುದಿಲ್ಲ. ಯಾಕೆ ಹೀಗೆ? ಫೌಲ್ ಮಾಡಿದವನು ಆಟವನ್ನು ತಡೆದಿದ್ದಾನೆ. ತಡೆದವನೇ ಸಾವಕಾಶವಾಗಿ ಗೋಡೆ ಕಟ್ಟಿಕೊಂಡು ಲಾಭ ಪಡೆಯಬಾರದು ಎಂಬುದು ಇದರ ಹಿಂದಿನ ವಿಚಾರ. ಆದರೆ ಒದೆಯುವವನು ದೂರ ಅಳೆದುಕೊಡಿ ಎಂದು ಕೇಳಿದರೆ, ಅಥವಾ ರೆಫರಿ ತಾನು ಶಿಳ್ಳೆ ಊದುವವರೆಗೆ ಕಾಯಿರಿ ಎಂದು ಸೂಚಿಸಿದರೆ, ಆಮೇಲೆ ಕಾಯಲೇಬೇಕು.

ವಿವಾದ ಇರುವುದು ಈ ಕೊನೆಯ ವಾಕ್ಯದಲ್ಲಿ. ರೆಫರಿ ಕಾಯಲು ಹೇಳಿದ್ದರು ಎಂಬುದು ಬ್ಲಾಸ್ಟರ್ಸ್ ವಾದ. ರೆಫರಿ ಗೋಲು ಕೊಟ್ಟರು ಎಂದರೆ ಹೇಳಿರಲಿಲ್ಲ ಎಂದೇ ಅರ್ಥ ಎಂಬುದು ಬೆಂಗಳೂರಿನ ವಾದ. ಆಗ ಐಎಸ್‌ಎಲ್‌ನಲ್ಲಿ ವಿಡಿಯೊ ನೋಡಿ ತೀರ್ಪು ಕೊಡುವ ಪದ್ಧತಿ ಇರಲಿಲ್ಲ. ಫೆಡರೇಷನ್ ಬ್ಲಾಸ್ಟರ್ಸ್ ದೂರನ್ನು ತಳ್ಳಿಹಾಕಿತು. ಮೈದಾನ ಬಿಟ್ಟು ಹೋದದ್ದಕ್ಕೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ ಬಿತ್ತು.

ನನ್ನ ತೀರ್ಮಾನ ಕೇಳಿದರೆ: ಗೋಲು ನಿಯಮಬದ್ಧ. ಅದನ್ನು ಮೋಸ ಎನ್ನುವುದು ಪದದ ದುರುಪಯೋಗ. ಮೋಸ ಎಂದರೆ ನಿಯಮವನ್ನು ಕದ್ದು ಮುರಿಯುವುದು. ಛೇತ್ರಿ ಎಲ್ಲರ ಕಣ್ಣೆದುರು ನಿಯಮವನ್ನು ಬಳಸಿದರು. ಹಾಗೆಂದು ಅದು ಆ ತಂಡದ ಶ್ರೇಷ್ಠ ಗೋಲೇ? ಅದನ್ನು ನಾನು ಹೇಳಲಾರೆ. ಜಾಯಿಝ್ ಆದದ್ದೆಲ್ಲ ಅಫ್ಝಲ್ ಅಲ್ಲ ಎಂದು ಮದ್ರಸದಲ್ಲಿ ಓದಿದವರಿಗೆ ಗೊತ್ತು. ಕಾನೂನು ಒಪ್ಪಿದ್ದನ್ನೆಲ್ಲ ಮನಸ್ಸು ಒಪ್ಪುವುದಿಲ್ಲ ಎಂದು ಉಳಿದವರೂ ಬಲ್ಲರು. ಅನುಮತಿ ಇದ್ದದ್ದು ಒಂದು, ಮೆಚ್ಚತಕ್ಕದ್ದು ಇನ್ನೊಂದು. ಬೆಂಗಳೂರಿನ ಅಭಿಮಾನಿ ಈ ಎರಡನ್ನೂ ಕಲಸಿಬಿಡುತ್ತಾನೆ, ನಿಯಮದ ಪುಟ ತೋರಿಸಿ ಚಪ್ಪಾಳೆ ಕೇಳುತ್ತಾನೆ. ಬ್ಲಾಸ್ಟರ್ಸ್ ಅಭಿಮಾನಿಯೂ ಕಲಸುತ್ತಾನೆ, ಚಪ್ಪಾಳೆ ತಟ್ಟಲು ಮನಸ್ಸಾಗದ್ದನ್ನು ಅಪರಾಧ ಎನ್ನುತ್ತಾನೆ. ತನ್ನ ಸಹೋದರ ಅನ್ಯಾಯ ಮಾಡುತ್ತಿದ್ದರೆ ಅವನನ್ನು ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ನಾವು ಮನೆಯ ಜಗಳಕ್ಕೆ ಅನ್ವಯಿಸುತ್ತೇವೆ, ಮೈದಾನದ ಜಗಳಕ್ಕೆ ಮರೆಯುತ್ತೇವೆ.

ಹಸದ್ ಮತ್ತು ರಶ್ಕ್

ಮೂರನೆಯ ಆರೋಪ ತಂಡದ ಮೇಲಲ್ಲ, ಅಭಿಮಾನಿಯ ಮೇಲೆ: ಗೆದ್ದವರ ಬಾಲ ಹಿಡಿಯುತ್ತೀರಿ. ಇದನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಅಮೆರಿಕದ ರಾಬರ್ಟ್ ಸಿಯಾಲ್ಡಿನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧ. ಏಳು ವಿಶ್ವವಿದ್ಯಾಲಯಗಳಲ್ಲಿ, ವಾರಾಂತ್ಯದ ಪಂದ್ಯ ಮುಗಿದ ಮೇಲೆ ಸೋಮವಾರ ತರಗತಿಗೆ ಬರುವ ವಿದ್ಯಾರ್ಥಿಗಳು ಏನು ತೊಟ್ಟಿದ್ದಾರೆ ಎಂದು ಅವರು ಎಣಿಸಿದರು. ಅಲ್ಲಿನ ಆಟ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ತಂಡ ಗೆದ್ದ ವಾರ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ತೊಟ್ಟವರು ಹೆಚ್ಚು. ಆಮೇಲೆ ಫೋನಿನಲ್ಲಿ ಪಂದ್ಯದ ಬಗ್ಗೆ ಕೇಳಿದಾಗ, ಗೆದ್ದ ಪಂದ್ಯಕ್ಕೆ ‘ನಾವು’ ಎನ್ನುವ ಪದ ಹೆಚ್ಚಾಗಿ ಬಂತು. ಸೋತ ಪಂದ್ಯಕ್ಕೆ ಅದು ಕಡಿಮೆಯಾಯಿತು. ನಮ್ಮಲ್ಲೂ ಅಷ್ಟೇ, ಕಿವಿಗೊಟ್ಟು ಕೇಳಿ. ಆರ್‌ಸಿಬಿ ಗೆದ್ದ ರಾತ್ರಿ ‘ನಾವ್ ಗೆದ್ವಿ’. ಸೋತ ಬೆಳಿಗ್ಗೆ ‘ಅವ್ರು ಸೋತ್ರು ಬಿಡಪ್ಪ’.

ಆದ್ದರಿಂದ ಗೆಲ್ಲುವ ತಂಡವನ್ನು ಇಷ್ಟಪಡುವವನ ಮೇಲೆ ಸಂಶಯ ಪಡುವುದಕ್ಕೆ ಕಾರಣ ಇದೆ. ಅವನು ಆಟವನ್ನು ಇಷ್ಟಪಡುತ್ತಾನೋ, ಗೆಲುವಿನ ನೆರಳಿನಲ್ಲಿ ನಿಲ್ಲುವುದನ್ನು ಇಷ್ಟಪಡುತ್ತಾನೋ? ಇದು ತಿಳಿಯುವುದು ತಂಡ ಸೋಲಲು ಶುರು ಮಾಡಿದಾಗ. ಬೆಂಗಳೂರು ಎಫ್‌ಸಿಯ ಅಭಿಮಾನಿಗಳಿಗೆ ಆ ಪರೀಕ್ಷೆ ಬಂದಿದೆ. 2020-21ರಲ್ಲಿ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು, 2023-24ರಲ್ಲಿ ಹತ್ತನೆಯ ಸ್ಥಾನಕ್ಕೆ. 2022ರಲ್ಲಿ ಡ್ಯುರಾಂಡ್ ಕಪ್ ಬಂದದ್ದು ಬಿಟ್ಟರೆ ಆ ಹಳೆಯ ವೈಭವ ಮತ್ತೆ ಕಾಣಲಿಲ್ಲ. 2025ರ ಏಪ್ರಿಲ್‌ನಲ್ಲಿ ಐಎಸ್‌ಎಲ್ ಫೈನಲ್ ತಲುಪಿ, ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಎದುರು ಮೊದಲು ಗೋಲು ಪಡೆದೂ ಕೊನೆಗೆ 1-2ರಿಂದ ಸೋತಿತು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪು 2013ರಿಂದ ಇದೆ. ಹತ್ತನೆಯ ಸ್ಥಾನದ ವರ್ಷವೂ ಇತ್ತು. ಬಾಲ ಹಿಡಿಯುವವರು ಎಂಬ ಮಾತು ಅವರಿಗೆ ಒಪ್ಪುವುದಿಲ್ಲ.

ಇನ್ನೊಂದು ಕಡೆಯ ಭಾವವನ್ನೂ ನೋಡಬೇಕು. ಕನ್ನಡದಲ್ಲಿ ಹೊಟ್ಟೆಕಿಚ್ಚು ಎನ್ನುತ್ತೇವೆ. ನಮ್ಮಲ್ಲಿ ಉರ್ದು ಮಾತಾಡುವ ಮನೆಗಳಲ್ಲಿ ಜಲನ್ ಎನ್ನುತ್ತಾರೆ. ಎರಡರಲ್ಲೂ ಬೆಂಕಿ ಇದೆ, ಉರಿಯುವುದು ಉರಿಸಿಕೊಂಡವನೇ. ಇಸ್ಲಾಮೀ ನೀತಿಶಾಸ್ತ್ರದಲ್ಲಿ ಇದಕ್ಕೆ ಹಸದ್ ಎಂದು ಹೆಸರು. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಹಸದ್ ಬಗ್ಗೆ ದೀರ್ಘವಾಗಿ ಬರೆದಿದ್ದಾರೆ, ಮತ್ತು ಅದನ್ನು ಗಿಬ್ತಾ ಎಂಬ ಇನ್ನೊಂದು ಭಾವದಿಂದ ಬೇರ್ಪಡಿಸಿದ್ದಾರೆ. ಉರ್ದುವಿನಲ್ಲಿ ಇದನ್ನು ರಶ್ಕ್ ಎನ್ನುತ್ತಾರೆ. ಇನ್ನೊಬ್ಬನ ಬಳಿ ಇರುವುದು ಅವನಿಂದ ಹೋಗಲಿ ಎಂದು ಬಯಸುವುದು ಹಸದ್. ಅವನದು ಅವನಿಗಿರಲಿ, ಅಂಥದ್ದು ನನಗೂ ಸಿಗಲಿ ಎಂದು ಬಯಸುವುದು ರಶ್ಕ್. ಮೊದಲನೆಯದು ದೋಷ, ಎರಡನೆಯದು ದೋಷವಲ್ಲ. ಕ್ರೀಡೆಯಲ್ಲಿ ರಶ್ಕ್ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಕ್ರಿಕೆಟ್ಟೇ ಸಾಕ್ಷಿ. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಬಾಂಬೆಯದೇ. ಬಾಂಬೆ ಹಾಳಾಗಲಿ ಎಂದು ಕುಳಿತವರು ಕುಳಿತೇ ಇದ್ದರು. ಬಾಂಬೆಯವರಂತೆ ಆಡಬೇಕು ಎಂದು ಹೊರಟ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರ ಕರ್ನಾಟಕ 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಆ ಸರಣಿಯನ್ನು ಮುರಿಯಿತು.

ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ

ಬೆಂಗಳೂರಿಗೆ ಫುಟ್‌ಬಾಲ್ 2013ರಲ್ಲಿ ಬಂತು ಎಂದು ಅನೇಕರು ತಿಳಿದಿದ್ದಾರೆ. ಅದಕ್ಕೂ ಮುಕ್ಕಾಲು ಶತಮಾನ ಮೊದಲೇ ಈ ಊರಿನ ಹುಡುಗರು ದೇಶದ ಫುಟ್‌ಬಾಲಿನ ಗೆಲ್ಲುವ ತಂಡಗಳಲ್ಲೂ ಅವುಗಳನ್ನು ಸೋಲಿಸಿದ ತಂಡದಲ್ಲೂ ಇದ್ದರು. ಈ ಭಾಗ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಸ್ಥಾಪನೆಯಾದದ್ದು 1891ರಲ್ಲಿ. 1934ರಲ್ಲಿ ಅದು ಕಲ್ಕತ್ತಾ ಲೀಗಿನ ಮೊದಲ ದರ್ಜೆಗೆ ಬಂದ ವರ್ಷವೇ ಪ್ರಶಸ್ತಿ ಗೆದ್ದಿತು. ಅಲ್ಲಿಯವರೆಗೆ ಆ ಲೀಗನ್ನು ಬ್ರಿಟಿಷರ ತಂಡಗಳನ್ನು ಬಿಟ್ಟು ಬೇರೆ ಯಾರೂ ಗೆದ್ದಿರಲಿಲ್ಲ. ಹಾಗೆ ಒಂದು ವರ್ಷ ಗೆದ್ದು ಸುಮ್ಮನಾಗಲಿಲ್ಲ. 1938ರವರೆಗೆ ಸತತ ಐದು ವರ್ಷ ಗೆದ್ದಿತು. 1940ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಪಡೆದ ಮೊದಲ ಭಾರತೀಯ ಕ್ಲಬ್ ಎನಿಸಿತು. ಹೇಗೆ ಗೆದ್ದರು? ಆ ಕ್ಲಬ್ಬಿನವರು ಬಂಗಾಳದ ಹುಡುಗರಿಗಷ್ಟೇ ಕಾಯಲಿಲ್ಲ. ಬೆಂಗಳೂರು, ಕ್ವೆಟ್ಟಾ, ದೆಹಲಿ ಎಂದು ದೇಶವೆಲ್ಲ ಸುತ್ತಿ ಒಳ್ಳೆಯ ಆಟಗಾರರನ್ನು ತಂದರು. ಬರಿಗಾಲಿನಲ್ಲಿ ಆಡುವುದೇ ರೂಢಿಯಾಗಿದ್ದ ಕಾಲದಲ್ಲಿ, ಮಳೆಯಲ್ಲಿ ಮೈದಾನ ಕೆಸರಾದಾಗ ಬೂಟು ಹಾಕಿ ಆಡುವುದನ್ನು ಕಲಿಸಿದರು. ಕಲ್ಕತ್ತಾ ಲೀಗ್ ನಡೆಯುವುದೇ ಮಳೆಗಾಲದಲ್ಲಿ. ಬರಿಗಾಲಿನ ತಂಡಗಳು ಜಾರಿ ಬೀಳುತ್ತಿದ್ದಾಗ ಇವರು ನಿಂತು ಆಡಿದರು.

1934ರಲ್ಲಿ ಇಂಗ್ಲಿಷರನ್ನು ಸೋಲಿಸಿದ ತಂಡ ಎಂದು ಹಿಂದೂ ಮುಸ್ಲಿಂ ಎನ್ನದೆ ಅನೇಕರು ಸಂತೋಷಪಟ್ಟರು. ಐದು ವರ್ಷ ಆಗುವಷ್ಟರಲ್ಲಿ ಆ ಸಂತೋಷ ಬೇರೆ ಬಣ್ಣ ಪಡೆಯಿತು. ಹೊರಗಿನಿಂದ ಆಟಗಾರರನ್ನು ತರುತ್ತಾರೆ ಎಂಬ ಟೀಕೆ, ಬಂಗಾಳದ ರಾಜಕೀಯದ ಕಾವು, ಎಲ್ಲ ಸೇರಿ ಗ್ಯಾಲರಿಗಳು ಧರ್ಮದ ಗೆರೆಯಲ್ಲಿ ಸೀಳಿದವು. ಕೆಲವರು ಆ ತಂಡವನ್ನು ಆಟಕ್ಕಾಗಿ ಅಲ್ಲ, ಹೆಸರಿಗಾಗಿ ದ್ವೇಷಿಸಿದರು. ಅಷ್ಟೇ ನಿಜವಾಗಿ, ಕೆಲವರು ಆಟಕ್ಕಾಗಿ ಅಲ್ಲ, ಹೆಸರಿಗಾಗಿ ಪ್ರೀತಿಸಿದರು. ನಮ್ಮಂಥ ಸಂಸ್ಥೆಯಲ್ಲಿ ಓದುವವರು ಈ ಎರಡನೆಯ ವಾಕ್ಯವನ್ನೂ ಓದಬೇಕು. ಹೊರಗಿನ ಆಟಗಾರರ ಬಗೆಗಿನ ಟೀಕೆ ಇಂದು ಬೆಂಗಳೂರು ಎಫ್‌ಸಿಯ ಮೇಲೆ ಇರುವುದೂ ಹೆಚ್ಚುಕಡಿಮೆ ಅದೇ. ಅದಕ್ಕೆ ಉತ್ತರ ಕೊಡಬಹುದು, ವಾದ ಮಾಡಬಹುದು. ಹೆಸರಿನ ದ್ವೇಷಕ್ಕೆ ವಾದದಲ್ಲಿ ಉತ್ತರವಿಲ್ಲ.

ಇನ್ನು ಬೆಂಗಳೂರು ಮುಸ್ಲಿಮ್ಸ್. ಬಾಂಬೆಯ ರೋವರ್ಸ್ ಕಪ್ 1891ರಿಂದ ನಡೆಯುತ್ತಿದ್ದ ಪಂದ್ಯಾವಳಿ, ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತೆ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಯಾರನ್ನು? ಆಗ ದೇಶವನ್ನೇ ಆಳುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು. ಬೆಂಗಳೂರಿನ ಆಟಗಾರರನ್ನು ಕರೆದೊಯ್ದ ತಂಡವನ್ನು ಬೆಂಗಳೂರಿನಲ್ಲೇ ಉಳಿದವರು ಸೋಲಿಸಿದರು! ಮರುವರ್ಷ ಕಪ್ ಮತ್ತೆ ಬೆಂಗಳೂರಿಗೇ ಬಂತು. 1940ರಲ್ಲಿ ಇವೇ ಎರಡು ತಂಡಗಳು ಮತ್ತೆ ಫೈನಲ್‌ನಲ್ಲಿ ಎದುರಾದಾಗ ಮೊಹಮ್ಮಡನ್ ಗೆದ್ದಿತು. ಎರಡೂ ಮುಸ್ಲಿಂ ತಂಡಗಳೇ ಆಗಿದ್ದರಿಂದ ಅಲ್ಲಿ ಹೆಸರಿನ ದ್ವೇಷಕ್ಕೆ ಜಾಗ ಇರಲಿಲ್ಲ, ಆಟವೊಂದೇ ಉಳಿದಿತ್ತು.

ಅದೇ ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಆಡಿದ ಹುಡುಗ ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು. 1949ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ದೇಶ ವಿಭಜನೆಯಾಗಿ ಎರಡೇ ವರ್ಷ. ಈಸ್ಟ್ ಬೆಂಗಾಲ್ ಎಂದರೆ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಓಡಿಬಂದ ಹಿಂದೂ ನಿರಾಶ್ರಿತರು ಎದೆಗೆ ಅಪ್ಪಿಕೊಂಡಿದ್ದ ಕ್ಲಬ್. ಅಲ್ಲಿ ಅಹ್ಮದ್ ಖಾನ್, ಬೆಂಗಳೂರಿನವರೇ ಆದ ಧನರಾಜ್, ಕೇರಳದ ಸಾಲೆ, ಅಪ್ಪಾರಾವ್, ವೆಂಕಟೇಶ್ ಈ ಐವರು ಮುಂದಿನ ಸಾಲಿನಲ್ಲಿ ಆಡಿದರು. ಒಬ್ಬರೂ ಬಂಗಾಳಿಗಳಲ್ಲ, ಇಬ್ಬರು ಮುಸ್ಲಿಮರು. ಅಭಿಮಾನಿಗಳು ಅವರಿಗೆ ಇಟ್ಟ ಹೆಸರು ಪಂಚ ಪಾಂಡವರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಈ ತಂಡದ್ದಾಯಿತು, 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಕೂಡ. ಮೋಹನ್ ಬಾಗಾನ್ ಅಭಿಮಾನಿಗಳು ಈ ಪಾಂಡವರನ್ನು ಎಷ್ಟು ಶಪಿಸಿರಬೇಕು ಎಂದು ಊಹಿಸಬಹುದು. ಅಹ್ಮದ್ ಖಾನ್ ಆಮೇಲೆ ಬೆಂಗಳೂರಿಗೆ ಮರಳಿ, 2017ರಲ್ಲಿ ಇಲ್ಲಿಯೇ ತೀರಿಕೊಂಡರು. ಬೆಂಗಳೂರು ಎಫ್‌ಸಿಯ ಆಟಗಾರರನ್ನು ಹೊರಗಿನವರು ಎನ್ನುವ ಮುಂಚೆ ಈ ಪಾಂಡವನನ್ನು ಒಮ್ಮೆ ನೆನೆಯಬಹುದು.

ನಾಯಕನ ಮನವಿ

ಮತ್ತೆ ಛೇತ್ರಿಯವರ ಬಳಿಗೆ ಬರುತ್ತೇನೆ. ಬೆಂಗಳೂರಿನ ನೀಲಿ ಅಂಗಿಯಲ್ಲಿ ಕೊಚ್ಚಿಯಲ್ಲೂ ಗೋವಾದಲ್ಲೂ ಬೈಸಿಕೊಂಡ ಇವರೇ ಭಾರತ ತಂಡದ ನಾಯಕರಾಗಿದ್ದವರು. 2018ರ ಜೂನ್ 1ರಂದು ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5-0ರಿಂದ ಗೆದ್ದಿತು. ಛೇತ್ರಿ ಮೂರು ಗೋಲು ಹೊಡೆದರು. ನೋಡಲು ಬಂದವರು ಎರಡೂವರೆ ಸಾವಿರದಷ್ಟು ಮಂದಿ. ಮರುದಿನ ಅವರು ಒಂದು ವಿಡಿಯೊದಲ್ಲಿ ಮನವಿ ಮಾಡಿದರು. ನಮ್ಮನ್ನು ಹೊಗಳಿ ಎಂದು ಕೇಳಲಿಲ್ಲ. ಯುರೋಪಿನ ಕ್ಲಬ್‌ಗಳನ್ನು ಇಷ್ಟಪಡುವವರು, ನಮ್ಮ ಮಟ್ಟ ಕಡಿಮೆ ಎನ್ನುವವರು ಕೂಡ ಕ್ರೀಡಾಂಗಣಕ್ಕೆ ಬನ್ನಿ, ಬೈಯುವುದಿದ್ದರೆ ಎದುರಿಗೇ ಬೈಯಿರಿ, ಆದರೆ ಬನ್ನಿ ಎಂಬ ಅರ್ಥದ ಮಾತು ಅದು. ಕೆನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಖಾಲಿಯಾದವು. ಟೀಕಿಸುವವನಿಂದ ಅವರು ಕೇಳಿದ್ದು ಒಂದೇ ಒಂದು: ಬಂದು ನೋಡಿ, ಆಮೇಲೆ ಹೇಳಿ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧದ ಪಂದ್ಯದೊಂದಿಗೆ ಅವರು ಭಾರತ ತಂಡಕ್ಕೆ ವಿದಾಯ ಹೇಳಿದಾಗ ಆ ಊರು ಎದ್ದು ನಿಂತಿತು; ಬೆಂಗಳೂರು ಎಫ್‌ಸಿಯ ಅತಿ ಹಳೆಯ ಎದುರಾಳಿಗಳ ಊರು. ಮುಂದಿನ ವರ್ಷ ಅವರು ಮತ್ತೆ ಭಾರತಕ್ಕೆ ಆಡಲು ಮರಳಿದರು. 2024-25ರ ಐಎಸ್‌ಎಲ್‌ನಲ್ಲಿ, 40ರ ವಯಸ್ಸಿನಲ್ಲಿ, 14 ಗೋಲು ಹೊಡೆದರು. ಭಾರತೀಯ ಆಟಗಾರರಲ್ಲಿ ಆ ವರ್ಷ ಅದಕ್ಕಿಂತ ಹೆಚ್ಚು ಹೊಡೆದವರಿಲ್ಲ.

ಅದೇ 2024-25ರ ಸಾಲಿನಲ್ಲಿ ಐಎಸ್‌ಎಲ್‌ಗೆ ಒಂದು ಹೊಸ ತಂಡ ಬಂತು. ಐ-ಲೀಗ್ ಗೆದ್ದು, ಮೆಟ್ಟಿಲು ಹತ್ತಿಯೇ ಬಂದ ತಂಡ. ಹೆಸರು ಮೊಹಮ್ಮಡನ್ ಸ್ಪೋರ್ಟಿಂಗ್. ವರ್ಷದ ಕೊನೆಗೆ 13 ತಂಡಗಳಲ್ಲಿ ಅದು 13ನೆಯದು. ಆದರೆ 2025ರ ಜನವರಿಯಲ್ಲಿ ಅದೇ ತಂಡ ಕಂಠೀರವಕ್ಕೆ ಬಂದು ಬೆಂಗಳೂರು ಎಫ್‌ಸಿಯನ್ನು 1-0ರಿಂದ ಸೋಲಿಸಿತು. ಗೋಲು ಬಂದದ್ದು ಪಂದ್ಯದ ಕೊನೆಯ ನಿಮಿಷಗಳಲ್ಲಿ, ಫ್ರೀ ಕಿಕ್‌ನಿಂದ. ಈ ಸಲ ಗೋಡೆ ಪೂರ್ತಿ ಕಟ್ಟಿ ನಿಂತಿತ್ತು.

ಅಭ್ಯಾಸಕ್ಕೆ: 2023ರ ಮಾರ್ಚ್ 3ರ ಆ ಗೋಲಿನ ದೃಶ್ಯವನ್ನು ಸದ್ದು ಆಫ್ ಮಾಡಿ ಮೂರು ಸಲ ನೋಡಿ, ವೀಕ್ಷಕ ವಿವರಣೆ ಕೇಳಿದರೆ ಮನಸ್ಸು ಮೊದಲೇ ಒಂದು ಕಡೆ ವಾಲುತ್ತದೆ. ಮೊದಲ ಸಲ ಚೆಂಡನ್ನು ನೋಡಿ, ಎರಡನೆಯ ಸಲ ರೆಫರಿಯ ಕೈಗಳನ್ನು, ಮೂರನೆಯ ಸಲ ಗೋಲ್‌ಕೀಪರನ್ನು. ಆಮೇಲೆ ಒಂದು ಪುಟ ಬರೆಯಿರಿ. ಬೆಂಗಳೂರು ಇಷ್ಟವಿದ್ದವರು ಬ್ಲಾಸ್ಟರ್ಸ್ ಪರವಾಗಿ, ಇಷ್ಟವಿಲ್ಲದವರು ಬೆಂಗಳೂರಿನ ಪರವಾಗಿ ಬರೆಯಬೇಕು. ಫುಟ್‌ಬಾಲ್ ನೋಡದವರು ಇದೇ ರೀತಿ ತಾವು ಸಹಿಸಲಾರದ ಐಪಿಎಲ್ ತಂಡದ ಒಂದು ಗೆಲುವನ್ನು ಆರಿಸಿಕೊಳ್ಳಬಹುದು. ಬರಹಗಳನ್ನು ಗ್ರಂಥಾಲಯದಲ್ಲಿ ಕೊಡಿ. ಎದುರಾಳಿಯ ವಾದವನ್ನು ಚೆನ್ನಾಗಿ ಬರೆದವುಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ.